ಬೋರ್ಡ್ ತೆಗೆಸಿದ ಶುಕ್ರವಾರ

ಸಿಡ್ನಿಯ ಯೂನಿವರ್ಸಿಟಿಯೊಂದರಲ್ಲಿ ರೂಮ್ ಬುಕಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಯುದ್ಧದ ಗಲಾಟೆ ಕ್ಯಾಂಪಸ್ಸಿಗೂ ಬಂದ ದಿನಗಳಲ್ಲಿ, ಯಹೂದಿ ವಿದ್ಯಾರ್ಥಿಗಳು ಶುಕ್ರವಾರ ಸಂಜೆ ಒಟ್ಟಿಗೆ ಉಣ್ಣುವ ಕೋಣೆಯ ಬಾಗಿಲಿಗೆ ಯಾರೋ ಉಗಿದು ಹೋದರು. ನಮ್ಮ ಮ್ಯಾನೇಜರ್ ಉಗಿದವರನ್ನು ಹುಡುಕಲಿಲ್ಲ. ಸೇಫ್ಟಿ ಅಂತ ಹೇಳಿ ಊಟವನ್ನು ಬೇಸ್‌ಮೆಂಟಿಗೆ ತಳ್ಳಿ, ಊಟ ಎಲ್ಲಿದೆ ಎಂದು ತಿಳಿಸುವ ಬೋರ್ಡನ್ನೂ ತೆಗೆಸಿದ. "ಲೇಟಾಗಿ ಬರೋರು ಫೋನ್ ಮಾಡಿ ಕೇಳಲಿ" ಅಂದ. ಶುಕ್ರವಾರ ಸೂರ್ಯ ಮುಳುಗಿದರೆ ಅವರ ಧರ್ಮದ ವಿಶ್ರಾಂತಿಯ ದಿನ ಶುರು, ಆಮೇಲೆ ಅವರಲ್ಲಿ ಹಲವರು ಫೋನ್ ಮುಟ್ಟುವುದಿಲ್ಲ ಎಂದು ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಶುಕ್ರವಾರ ಸಂಜೆ ಮೆಟ್ಟಿಲ ಬಳಿ ನಾನೇ ನಿಂತು ಬಂದವರಿಗೆ ದಾರಿ ತೋರಿಸಿದೆ.

ಸೋಮವಾರ ಆತ, "ನೋಡಿ, ಈ ಸಲ ಮೇಲಿನ ಕೋಣೆಯ ಬಾಗಿಲು ಎಷ್ಟು ಕ್ಲೀನಾಗಿದೆ!" ಎಂದು ಬೀಗಿದ. ಇರದೆ ಏನು, ಉಗಿದವರ ಕೆಲಸವನ್ನು ಅವನೇ ಮಾಡಿ ಮುಗಿಸಿದ್ದನಲ್ಲ.