ಖಾಲಿ ನೀರಿಗೆ ಕಿವಿ

ಎರಡು ಸಾವಿರದ ದಶಕದ ನಡುವಿನ ಮಾತು. ನಾನಾಗ ಪಿಎಚ್.ಡಿ. ವಿದ್ಯಾರ್ಥಿನಿ. ಹತ್ತಿರದ ಸುರುಳಿ ಗೆಲಾಕ್ಸಿಗಳ ಕೇಂದ್ರದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು ಚಿತ್ರ ಮಾಡುವುದು ನನ್ನ ಕೆಲಸ. ಒಂದು ಗೆಲಾಕ್ಸಿಯ ನಟ್ಟನಡುವೆ ಹೊಳೆಯುವ ಚುಕ್ಕೆಯೊಂದು ಸಿಕ್ಕಿಬಿಟ್ಟಿತು. ಕಪ್ಪುಕುಳಿಯೇ ಇರಬೇಕು! ಅಲ್ಲಿ ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ನನ್ನ ಇಡೀ ಪ್ರಬಂಧ ಆ ಚುಕ್ಕೆಯ ಮೇಲೆ ನಿಂತಿತ್ತು. ಮುಂದಿನ ವಾರ ಲೇಖನ ಕಳಿಸುವವಳಿದ್ದೆ. ಅದಕ್ಕೂ ಮೊದಲು ಅಂಕೋಲೆಯ ಮನೆಗೆ ಬಂದದ್ದು ಜಂಬ ಕೊಚ್ಚಲಿಕ್ಕೆ, ಸುಳ್ಳೇಕೆ ಹೇಳಲಿ.

ಅಪ್ಪ ಸಮುದ್ರಕ್ಕೆ ಹೋಗುವವನು. "ನಿನ್ನ ಆಕಾಶ ಸಾಕು, ಬಾ, ನಮ್ದೂ ಕಾಣು" ಎಂದು ಬೆಳಿಗ್ಗೆ ದೋಣಿ ಹತ್ತಿಸಿದ. ದೋಡಿ ಮೀನು ಹಿಂಡುಗಟ್ಟಿದಾಗ ನೀರೊಳಗೆ ಗೊರಗುಟ್ಟುತ್ತದೆ. ಅಪ್ಪ ಎಂಜಿನ್ ಆರಿಸಿದ, ಹುಟ್ಟನ್ನು ನೀರಿಗಿಳಿಸಿ ಅದರ ಮೇಲಿನ ತುದಿಗೆ ಕಿವಿ ಇಟ್ಟ. ಮುಖ ಅರಳಿತು. ಆದರೂ ಬಲೆ ಬಿಡಲಿಲ್ಲ. ಅಷ್ಟು ದೂರ ಆಚೆ ಹೋಗಿ, ಮೀನೇ ಇಲ್ಲದ ಕಡೆ ಮತ್ತೆ ಕಿವಿ ಇಟ್ಟು ಕುಳಿತ. ನನಗೋ ತಾಳ್ಮೆ ಕಡಿಮೆ.

"ಅಲ್ಲೇ ಕೇಳ್ತಲ್ಲ! ಇಲ್ಲೆಂತಕೆ?"

"ಖಾಲಿ ನೀರೂ ಕೇಳ್ಬೇಕೇ ತಂಗಿ. ಇಲ್ಲೂ ಅದೇ ಸದ್ದು ಬಂದ್ರೆ ಅದು ಮೀನಲ್ಲ, ನಮ್ಮ ದೋಣಿದು. ಹಿಂದೊಂದ್ಸಲ ಸಡ್ಲ ಹಲಗೆ ಸದ್ದಿಗೇ ಬಲೆ ಬಿಟ್ಟು, ಊರೆಲ್ಲ ನಗಾಡಿತ್ತು ಮಾರಾಯ್ತಿ!"

ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು. ನನ್ನ ದೂರದರ್ಶಕವನ್ನು ಗುರಿಯಿಟ್ಟದ್ದು ಸರಿಯಾಗಿ ಗೆಲಾಕ್ಸಿಯ ಕೇಂದ್ರಕ್ಕೆ. ಯಂತ್ರದೊಳಗೇ ಉಳಿದುಹೋದ ಸದ್ದಿದ್ದರೆ ಅದೂ ಚಿತ್ರದ ನಟ್ಟನಡುವೆಯೇ ಚುಕ್ಕೆಯಾಗಿ ಕೂರುತ್ತದೆ. ಗೊತ್ತಿದ್ದ ಪಾಠವೇ! ಖಾಲಿ ಆಕಾಶದ ಚಿತ್ರವನ್ನು ನಾನು ತೆಗೆದು ನೋಡಿಯೇ ಇರಲಿಲ್ಲ.

ಮರುದಿನವೇ ಹೊರಟೆ. ಘಟ್ಟ ಹತ್ತಿ ಬಂದವಳೇ ಸಂಸ್ಥೆಯ ಕಂಪ್ಯೂಟರಿನ ಮುಂದೆ ಕೂತೆ. ಗೆಲಾಕ್ಸಿಯ ಪಕ್ಕದ ಖಾಲಿ ಆಕಾಶವನ್ನೂ ಅದೇ ದಿನ ನೋಡಿದ್ದೆವು. ಆ ದತ್ತಾಂಶ ಹಾಗೇ ಬಿದ್ದಿತ್ತು. ಚಿತ್ರ ಮಾಡಿದೆ. ಅಲ್ಲೂ ನಡುವೆ ಅದೇ ಚುಕ್ಕೆ. ಕೂತಲ್ಲೇ ಅತ್ತುಬಿಟ್ಟೆ. ಆಮೇಲೆ ಮಾರ್ಗದರ್ಶಕರ ಬಾಗಿಲು ತಟ್ಟಿ, ಲೇಖನ ಈಗ ಕಳಿಸುವುದಿಲ್ಲ ಎಂದೆ.

ಮುಂದಿನ ಸಲ ಗುರಿಯನ್ನು ಬೇಕೆಂದೇ ಕೇಂದ್ರದಿಂದ ಚೂರು ಪಕ್ಕಕ್ಕೆ ಇಟ್ಟೆವು. ಚಿತ್ರದ ನಡುವಿನ ಕಳ್ಳಚುಕ್ಕೆಯನ್ನು ಅಳಿಸಿ ಎಸೆದೆ. ಪಕ್ಕದಲ್ಲಿ, ಗೆಲಾಕ್ಸಿಯ ಕೇಂದ್ರ ಇರಬೇಕಾದಲ್ಲೇ, ಮಂಕಾದ ಇನ್ನೊಂದು ಚುಕ್ಕೆ ಉಳಿದಿತ್ತು. ಅದು ಆಕಾಶದ್ದೇ.

ಎಷ್ಟೋ ಪದವೀಧರರನ್ನು ಕಂಡಿದ್ದೇನೆ, ಅಪ್ಪನಷ್ಟು ಶುದ್ಧವಾಗಿ ಅನುಮಾನಪಡುವವರನ್ನು ಕಂಡಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡಿದ್ದವಳು ನಾನು. ಚಿತ್ರವನ್ನು ಅವನ ಕೈಗೇ ಮೊದಲು ಕೊಟ್ಟೆ. ದಡದಲ್ಲಿ ಬಲೆ ಹೊಲಿಯುತ್ತಿದ್ದವನು ಕಣ್ಣು ಕಿರಿದು ಮಾಡಿ ನೋಡಿದ.

"ಇಷ್ಟು ಸಣ್ದೇ?"

"ಇಷ್ಟೇ."

"ಖಾಲಿ ನೀರು ಕೇಳಿದ್ಯಾ?"

"ಎರಡೆರಡು ಸಲ."

"ಹಂಗಾರೆ ಬಲೆ ಬಿಡು" ಎಂದ.