ಅಪ್ಪನ ಪಕ್ಕದ ಜಾಗ

ಮನೆಯ ಫೋಟೋಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತಿದ್ದವು. ಹೋದ ವರ್ಷ ಎಚ್.ಡಿ. ಕೋಟೆಯಿಂದ ದಪ್ಪ ರಟ್ಟಿನ ಪುಸ್ತಕ, ಗೋಂದು ತಂದು ಹಂಪಾಪುರದ ನಮ್ಮ ಜಗುಲಿಯಲ್ಲಿ ಅಂಟಿಸಲು ಕುಳಿತೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಒಂದೇ ಮಾತು ಹೇಳಿದಳು: "ಸತ್ತೋರ್ನೂ ಬದುಕಿರೋರ್ನೂ ಒಂದೇ ಹಾಳೇಲಿ ಅಂಟಿಸ್ಬ್ಯಾಡ ಕಣವ್ವ, ಆಗಿಬರಾಕಿಲ್ಲ."

ಸರಿ, ಮುಂದಿನ ಪುಟಗಳು ಬದುಕಿರುವವರಿಗೆ, ಹಿಂದಿನವು ಅಪ್ಪ, ಅಜ್ಜಿ ಮುಂತಾಗಿ ಹೋದವರಿಗೆ ಎಂದುಕೊಂಡೆ. ಕೊನೆಗೆ ಕೈಯಲ್ಲಿ ಉಳಿದದ್ದು ಅಣ್ಣನ ಫೋಟೋ. ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆಂದು ಹೋದವನು ಹನ್ನೊಂದು ವರ್ಷದಿಂದ ಪತ್ತೆಯಿಲ್ಲ. ಅವನದು ಅಂತ ಇದ್ದದ್ದು ಅದೊಂದೇ ಫೋಟೋ. ಅದನ್ನೇ ಹಿಡಿದು ತೋಟದ ಕೂಲಿಯವರ ಲೈನುಮನೆಗಳ ಮುಂದೆಲ್ಲ "ಇವನನ್ನು ಕಂಡಿರಾ" ಎಂದು ಕೇಳುತ್ತಾ ಅಲೆದಿದ್ದೆವು. ಕಾದು ಕಾದು ನನಗೆ ರೋಸಿಹೋಗಿತ್ತು. ಅವ್ವ ಸಿಪ್ಪೆಯನ್ನು ದನಕ್ಕೆ ಹಾಕಲು ಎದ್ದುಹೋದಾಗ, ಅಣ್ಣನನ್ನು ಅಪ್ಪನ ಪಕ್ಕ ಅಂಟಿಸಿಬಿಟ್ಟೆ.

ಬಂದು ನೋಡಿದ ಅವ್ವ ಬೈಯಲಿಲ್ಲ, ಅಳಲೂ ಇಲ್ಲ. "ಯಾರವ್ವ ನಿಂಗೆ ಯೋಳಿದ್ದು?" ಎಂದಳು. ಆಮೇಲೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಫೋಟೋದ ಮೂಲೆ ಎಬ್ಬಿಸತೊಡಗಿದಳು. ಗೋಂದು ಆಗಲೇ ಹಿಡಿದಿತ್ತು.

"ಬುಡವ್ವ, ಅರ್ದೋಯ್ತದೆ" ಎಂದೆ. ಅವಳು ಬಿಡಲಿಲ್ಲ.

ಅಣ್ಣನ ಗಲ್ಲ, ಬಾಯಿ ಅವಳ ಕೈಗೆ ಬಂದವು. ಕಣ್ಣು ಅಪ್ಪನ ಪಕ್ಕದಲ್ಲೇ ಉಳಿದವು. ಅವ್ವ ಆ ತುಂಡನ್ನು ಬದುಕಿರುವವರ ಪುಟದಲ್ಲಿ ತಾನೇ ಅಂಟಿಸಿದಳು.

ಇನ್ನು ಯಾರಿಗಾದರೂ ತೋರಿಸಿ, ಇವನನ್ನು ಕಂಡಿರಾ ಎಂದು ಕೇಳಲು ನಮ್ಮಲ್ಲಿ ಏನೂ ಇಲ್ಲ.