ಪೆಡಲ್ ಗಟ್ಟಿಯಾಗೇ ಇತ್ತು

ನನ್ನ ತಮ್ಮ ಬ್ರೇಕ್ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಒತ್ತಿದರೂ ಕಾರು ಯಾಕೆ ನಿಲ್ಲಲಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಆದರೂ ನಾನು ಅದನ್ನು ಹೇಳಲಿಲ್ಲ. ಕಾರಿನ ಸುತ್ತ ಜನ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಾಗ ಹೇಳಲಿಲ್ಲ, ಆಸ್ಪತ್ರೆಯಲ್ಲಿ ಹೇಳಲಿಲ್ಲ, ಆಮೇಲೆ ವರ್ಷಗಟ್ಟಲೆ ಅವನ ಪಕ್ಕದಲ್ಲೇ ಕೂತು ಉಂಡಾಗಲೂ— ಹೇಳಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ತುಮಕೂರಿನ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದವನು. ಈಗ ಗುಬ್ಬಿಯಲ್ಲಿ ನನ್ನದೇ ಒಂದು ಶೆಡ್ ಇದೆ. ಬರೆದು ಅಭ್ಯಾಸವಿಲ್ಲ. ಎಲ್ಲಾದರೂ ಹಿಂದುಮುಂದಾದರೆ ಓದುವವರೇ ಸರಿಮಾಡಿಕೊಳ್ಳಬೇಕು.

ತಮ್ಮ ಮಂಜುನಾಥ ಐಟಿಐ ಮಾಡಿ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಸೇರಿಕೊಂಡ. ಅವನಿಗೆ ಕಾರಿನ ಹುಚ್ಚು. ಹಳೆಯದೊಂದು ಸಣ್ಣ ಕಾರು ಕೊಂಡು ತಂದು ನನ್ನ ಶೆಡ್ಡಿನಲ್ಲಿ ನಿಲ್ಲಿಸಿದ. ರಜೆ ಬಂದರೆ ಸಾಕು, ಇಬ್ಬರೂ ಅದರ ಕೆಳಗೆ ಮಲಗಿರುತ್ತಿದ್ದೆವು. ಕುಣಿಗಲ್‌ನಿಂದ ಆಚೆ, ಹುತ್ರಿದುರ್ಗದ ಬೆಟ್ಟ ಕಾಣುವ ಕಡೆ ಯಾರೋ ತಮ್ಮ ಜಮೀನಿನಲ್ಲಿ ಟ್ರ್ಯಾಕ್ ಮಾಡಿದ್ದಾರೆ, ಶನಿವಾರ ಭಾನುವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು ಎಂದು ಅವನ ಶಿಫ್ಟಿನ ಗೆಳೆಯನೊಬ್ಬ ಹೇಳಿದ್ದ. ಅದು ರೇಸಲ್ಲ, ಬಹುಮಾನವಿಲ್ಲ. ಎದುರಿಗೆ ಲಾರಿ, ಎತ್ತಿನ ಗಾಡಿ ಯಾವುದೂ ಬಾರದ ರಸ್ತೆಯಲ್ಲಿ ಮನಸಾರೆ ಒಂದಿಷ್ಟು ಓಡಿಸುವುದು, ಅಷ್ಟೆ.

"ಅಣ್ಣ, ನೀನೂ ಬಾ. ನೀನಿಲ್ದಿದ್ರೆ ನಾನು ಬರೀ ಡ್ರೈವರ್ರು. ನೀನಿದ್ರೆ ಟೀಮು," ಅಂದ.

ಹೋದೆವು.

ಶನಿವಾರ ಬೆಳಿಗ್ಗೆ ಟ್ರ್ಯಾಕ್ ನೋಡಿಕೊಳ್ಳುವವರು ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ನಿಯಮ ಹೇಳಿದರು. ಅದರಲ್ಲಿ ಒಂದು ಬ್ರೇಕ್ ಆಯಿಲ್ ವಿಷಯ. ಸೀಲ್ ಒಡೆಯದ ಬಾಟಲಿಯದನ್ನೇ ಹಾಕಬೇಕು, ಮುಚ್ಚಳ ತೆಗೆದು ಇಟ್ಟಿದ್ದನ್ನು ಹಾಕಬಾರದು. ಮುಚ್ಚಳ ತೆಗೆದ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಊರ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಜೋರಾಗಿ ಬ್ರೇಕ್ ಹಿಡಿದಾಗ ಆ ಬಿಸಿಗೆ ಆಯಿಲ್ ಕುದಿಯುತ್ತದೆ. ಕುದ್ದು ಒಳಗೆ ಗುಳ್ಳೆ ಎದ್ದರೆ ಮುಗಿಯಿತು— ಪೆಡಲ್ ಒತ್ತಿದರೆ ಗಾಳಿಯನ್ನು ಒತ್ತಿದಂತೆ. ನಮ್ಮಂಥ ಗ್ಯಾರೇಜುಗಳಲ್ಲಿ ಅರ್ಧ ಉಳಿದ ಬಾಟಲಿಯನ್ನು ಯಾರೂ ಎಸೆಯುವುದಿಲ್ಲ. ಮುಚ್ಚಳ ಬಿಗಿದು ಇಟ್ಟು ಮುಂದಿನ ಗಾಡಿಗೆ ಹಾಕುತ್ತೇವೆ. ಮಂಜನಿಗೆ ಅದು ಗೊತ್ತಿತ್ತು. ಅದಕ್ಕೇ ಅವನು ತುಮಕೂರಿಂದ ಹೊಸ ಬಾಟಲಿ ತಂದು, ಸೀಲ್ ತೋರಿಸಿ, "ಇದು ಬರೀ ನಮ್ ಕಾರಿಗೆ, ಗೊತ್ತಾಯ್ತಾ?" ಎಂದು ನನ್ನ ಕೈಗೆ ಕೊಟ್ಟಿದ್ದ.

ಅವತ್ತು ಅಲ್ಲಿ ಒಂದಲ್ಲ ಒಂದು ಕಾರು ಕೆಡುತ್ತಲೇ ಇತ್ತು. ನಮ್ಮ ಕಾರಿನದೇ ರೇಡಿಯೇಟರ್ ಪೈಪು ಕಳಚಿ ಬಿಸಿನೀರು ಚೆಲ್ಲಿತು, ಹೊಸ ಕ್ಲಿಪ್ ಹಾಕಿ ಬಿಗಿದೆ. ಪಕ್ಕದವರ ಸೈಲೆನ್ಸರ್ ಜೋತುಬಿತ್ತು, ತಂತಿಯಲ್ಲಿ ಎತ್ತಿ ಕಟ್ಟಿದೆ. ಇನ್ನೊಬ್ಬರ ಕಾರು ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿಯ ವೈರು ಸಡಿಲವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ನನ್ನನ್ನು 'ಗುಬ್ಬಿ ಡಾಕ್ಟ್ರೇ' ಎಂದು ಕೂಗತೊಡಗಿದ್ದರು.

"ಏನಣ್ಣ, ಒಂದಿನಕ್ಕೇ ಡಾಕ್ಟ್ರಾಗ್ಬುಟ್ಟೆ! ನನ್ನಂಥ ಬಡ ರೋಗಿನೂ ಒಸಿ ನೋಡಪ್ಪ," ಎಂದು ಮಂಜ ರೇಗಿಸಿದ.

ನಾನು ನಕ್ಕೆ. ಆದರೆ ಒಳಗೆ— ಹೇಗೆ ಹೇಳಲಿ. ಅಷ್ಟು ಜನ ಒಟ್ಟಿಗೆ ನನ್ನ ಕೆಲಸ ನೋಡುತ್ತಾ ನಿಂತಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅದರ ರುಚಿ ಹತ್ತಿಬಿಟ್ಟಿತ್ತು.

ಊಟದ ಹೊತ್ತಿಗೆ ಬೆಂಗಳೂರಿನವರೊಬ್ಬರ ಬಿಳಿ ಕಾರು ಬಂತು. ಬ್ರೇಕ್ ಪೈಪಿನಿಂದ ಆಯಿಲ್ ಸೋರಿ ಖಾಲಿಯಾಗಿತ್ತು. ಅವರ ಮುಖ ಸಣ್ಣಗಾಗಿತ್ತು. "ನಮ್ದು ಇವತ್ತಿಗೆ ಮುಗೀತು ಅಲ್ವಾ?" ಎಂದರು. ಸುತ್ತ ಐದಾರು ಜನ ಇದ್ದರು. ನಾನು ವಾಷರ್ ಬದಲಾಯಿಸಿ, ಪೈಪು ಬಿಗಿದು, ಯಾರನ್ನೂ ಕೇಳದೆ ಮಂಜನ ಹೊಸ ಬಾಟಲಿಯ ಸೀಲ್ ಒಡೆದು ಆ ಕಾರಿಗೆ ಸುರಿದುಬಿಟ್ಟೆ. ಮಂಜ ಆಗ ಟ್ರ್ಯಾಕಿನ ಮೇಲಿದ್ದ. ಕಾರು ಸರಿಹೋದಾಗ ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಜನ ಚಪ್ಪಾಳೆ ಹೊಡೆದರು. ಖಾಲಿ ಬಾಟಲಿಯನ್ನು ನಾನು ಕಸದ ಡ್ರಮ್ಮಿನಲ್ಲಿ ಅಡಿಗೆ ತುರುಕಿದೆ. ಅಡಿಗೆ ತುರುಕಿದೆನಲ್ಲ— ಅಂದರೆ ತಪ್ಪು ಮಾಡುತ್ತಿದ್ದೇನೆ ಎಂದು ನನ್ನ ಕೈಗೆ ಆಗಲೇ ಗೊತ್ತಿತ್ತು.

ಸಂಜೆ ಮಂಜ ಬಂದು, "ಅಣ್ಣ, ಪೆಡಲ್ ಒಸಿ ಮೆತ್ತಗಾಗೈತೆ. ಹೊಸ ಆಯಿಲ್ ಹಾಕ್ಬುಡು, ನಾಳೆ ನೆಮ್ಮದಿಯಾಗಿ ಓಡಿಸ್ತೀನಿ," ಅಂದ.

ಇನ್ನೂ ಬೆಳಕಿತ್ತು. ಕುಣಿಗಲ್ ಪೇಟೆ ದೂರವೇನಿರಲಿಲ್ಲ. ಯಾರದಾದರೂ ಬೈಕ್ ಕೇಳಿ ಹೋಗಿ ತರಬಹುದಿತ್ತು. ಆದರೆ ಹೋಗಬೇಕಾದರೆ ಅವನ ಬಾಟಲಿ ಏನಾಯಿತೆಂದು ಹೇಳಬೇಕಿತ್ತು. ಅಲ್ಲದೆ ಆ ಕಡೆ ಕುರ್ಚಿ ಹಾಕಿಕೊಂಡು ಕೂತವರು, "ಡಾಕ್ಟ್ರೇ, ಬೇಗ ಬನ್ನಿ, ಕಾಫಿ ಆರುತ್ತೆ," ಎಂದು ಕರೆಯುತ್ತಿದ್ದರು. ನನ್ನ ಸಾಮಾನಿನ ಚೀಲದಲ್ಲಿ ಶೆಡ್ಡಿನಿಂದ ಬಂದ ಹಳೆಯ ಬಾಟಲಿ ಇತ್ತು. ಮಳೆಗಾಲದಲ್ಲಿ ಮುಚ್ಚಳ ತೆಗೆದದ್ದು. ಅದನ್ನೇ ಕೈಗೆತ್ತಿಕೊಂಡೆ.

ಬ್ರೇಕಿನ ಆಯಿಲ್ ಬದಲಾಯಿಸಲು ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬ ಚಕ್ರದ ಹತ್ತಿರ ಕೂತು ನಟ್ಟು ಸಡಿಲಿಸಿ ಹಳೆಯದನ್ನು ಹೊರಗೆ ಬಿಡಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಬರೀ ಮಾತಿನ ಮೇಲೆ ನಡೆಯುವ ಕೆಲಸ. "ಒತ್ತು… ಹಿಡ್ಕೊ… ಬುಡು," ಎಂದು ನಾನು ಹೇಳುತ್ತಿದ್ದೆ. ಅವನು ಹಾಗೇ ಮಾಡುತ್ತಿದ್ದ. ನಡುವೆ ಒಂದು ಸಲ ಒಳಗಿನಿಂದ ಕೇಳಿದ:

"ಹೊಸ ಬಾಟ್ಲಿ ತಾನೆ ಅಣ್ಣ?"

"ಹೂಂ ಕಣೋ. ನೀನು ತಂದಿದ್ದೇ."

ಏನೂ ಆಗಲಾರದು ಅಂದುಕೊಂಡಿದ್ದೆ ಎಂದು ಈಗ ಬರೆಯಬಹುದು. ಆದರೆ ಬೆಳಿಗ್ಗೆ ಹೇಳಿದ ನಿಯಮವನ್ನು ನಾನು ಮುಂದಿನ ಸಾಲಿನಲ್ಲೇ ನಿಂತು ಕೇಳಿದ್ದೆ.

ಭಾನುವಾರ ಬಿಸಿಲು ಜೋರಿತ್ತು. ಹೊಸ ಆಯಿಲ್ ಇದೆ ಎಂಬ ಧೈರ್ಯದಲ್ಲಿ ಮಂಜ ಹಿಂದಿನ ದಿನಕ್ಕಿಂತ ವೇಗವಾಗಿ ಓಡಿಸಿದ. ನಾನು ಬೇಲಿಯ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಉದ್ದನೆಯ ನೇರ ದಾರಿ ಮುಗಿದು ಎಡಕ್ಕೆ ತಿರುಗುವ ಜಾಗ. ಕಾರಿನ ಹಿಂದಿನ ಬ್ರೇಕ್ ದೀಪ ಕೆಂಪಗೆ ಹತ್ತಿತು. ಆರಿತು. ಮತ್ತೆ ಹತ್ತಿತು— ಮತ್ತೆ— ಮತ್ತೆ. ಪಾಪ, ಅವನು ಒತ್ತುತ್ತಲೇ ಇದ್ದ. ಕಾರಿನ ವೇಗ ಮಾತ್ರ ತಗ್ಗಲಿಲ್ಲ. ಪೇರಿಸಿಟ್ಟ ಟೈರುಗಳಿಗೆ ಗುದ್ದಿ, ಮಣ್ಣಿನ ದಿಬ್ಬ ಹತ್ತಿ, ಆ ಕಡೆಯ ಹಳ್ಳಕ್ಕೆ ಮೂತಿ ಇಟ್ಟು ನಿಂತಿತು.

ಅವನನ್ನು ಹೊರಗೆಳೆದಾಗ ಬಲಗಾಲು ಪಾದದ ಮೇಲೆ ಮುರಿದಿತ್ತು. "ಬ್ರೇಕ್ ಹಿಡೀಲಿಲ್ಲ ಕಣಣ್ಣ, ಪೆಡಲ್ ನೆಲಕ್ಕೋಯ್ತು," ಎಂದು ಅದನ್ನೇ ಹೇಳುತ್ತಿದ್ದ. ಅವನ ಕಾಲಿಗೆ ಪಟ್ಟಿ ಕಟ್ಟುವಷ್ಟರಲ್ಲಿ ಉಳಿದವರು ಹಗ್ಗ ಹಾಕಿ ಕಾರನ್ನು ಮೇಲಕ್ಕೆ ಎಳೆದರು. ಟ್ರ್ಯಾಕಿನವರು ನನ್ನನ್ನು ಕರೆದರು. "ಡಾಕ್ಟ್ರೇ, ನೀವೇ ನೋಡಿ ಹೇಳ್ಬಿಡಿ."

ಕೂತು ಪೆಡಲ್ ಒತ್ತಿದೆ. ಕಲ್ಲಿನಂತೆ ಗಟ್ಟಿಯಾಗಿತ್ತು.

ಗಟ್ಟಿಯಾಗಿಯೇ ಇರುತ್ತದೆ. ಕುದ್ದ ಆಯಿಲ್ ತಣ್ಣಗಾದರೆ ಗುಳ್ಳೆ ಅಡಗಿ ಪೆಡಲ್ ಮೊದಲಿನಂತಾಗುತ್ತದೆ. ನನಗೆ ಅದು ಗೊತ್ತಿತ್ತು. ಆ ಒಂದು ಮಾತನ್ನು ಸೇರಿಸಿ ಹೇಳಿದ್ದರೆ ಸಾಕಿತ್ತು. ಆದರೆ ಸೇರಿಸಿದ್ದರೆ ಯಾವ ಬಾಟಲಿ ಹಾಕಿದಿರಿ ಎಂದು ಕೇಳುತ್ತಿದ್ದರು. ಬಿಳಿ ಕಾರಿನವರೂ ಅಲ್ಲೇ ನಿಂತಿದ್ದರು.

"ಪೆಡಲ್ ಗಟ್ಟಿಯಾಗೇ ಐತೆ," ಅಂದೆ.

ಅದರಲ್ಲಿ ಸುಳ್ಳಿರಲಿಲ್ಲ. ನಾನು ಹೇಳಿದ ಅತಿ ದೊಡ್ಡ ಸುಳ್ಳೂ ಅದೇ.

"ಹೊಸಬ್ರಲ್ವಾ, ಗಾಬರೀಲಿ ಕ್ಲಚ್ ತುಳ್ದಿರ್ತಾರೆ," ಎಂದು ಯಾರೋ ಹೇಳಿದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸ್ಟ್ರೆಚರ್ ಮೇಲಿಂದ ಮಂಜ ನನ್ನ ಕಡೆ ತಿರುಗಿ ನೋಡಿದ. "ಗಟ್ಟಿಗೈತಾ ಅಣ್ಣ?" ಎಂದು ಕೇಳಿದ. ಹೂಂ ಎಂದೆ. "ಹಂಗಾದ್ರೆ ನಾನೇ…" ಎಂದವನು ಕಣ್ಣು ಮುಚ್ಚಿಕೊಂಡ.

ನಾನು ಹೇಳಿದ್ದಕ್ಕೇ ಅವನು ತನ್ನ ಕಾಲಿಗೆ ಗೊತ್ತಿದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದ.

ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳಿಯಿತು. ಅದನ್ನಾದರೂ ನೋಡಿಕೊಂಡು ಬದುಕಬಹುದಿತ್ತೇನೋ. ಆದರೆ ಮಂಜ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಫ್ಯಾಕ್ಟರಿಯಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸಕ್ಕೆ ಕರೆದರೆ, ತನಗೆ ಆಗುವುದಿಲ್ಲ ಎಂದ. ಅವನ ಜೊತೆಯವನು ಅದಕ್ಕೆ ಸೇರಿ ಮುಂದಕ್ಕೆ ಹೋದ. ಮನೆಯಲ್ಲಿ ಅದೊಂದು ತಮಾಷೆಯೇ ಆಯಿತು. "ಕ್ಲಚ್ ಯಾವ್ದು ಬ್ರೇಕ್ ಯಾವ್ದು ಅಂತ ತಿಳೀದೋನು ರೇಸಿಗೋದ್ನಂತೆ," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಮಗ ಬದುಕಿ ಬಂದ ಸಮಾಧಾನವೇ ಅವಳ ಬಾಯಲ್ಲಿ ಬೈಗುಳವಾಗಿ ಬರುತ್ತಿತ್ತು. ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಮಂಜನೇ. ನಾನು ತಟ್ಟೆಯಿಂದ ತಲೆ ಎತ್ತದೆ ಮುದ್ದೆ ನುಂಗುತ್ತಿದ್ದೆ. ಹೇಳಬೇಕು, ಇವತ್ತು ಹೇಳಬೇಕು ಎಂದುಕೊಂಡು ಕೈ ತೊಳೆಯುವಷ್ಟರಲ್ಲಿ— ಆ ದಿನವೂ ಮುಗಿದಿರುತ್ತಿತ್ತು.

ಮೊನ್ನೆ ಎಲ್ಲರೂ ನನ್ನ ವ್ಯಾನಿನಲ್ಲಿ ಮಾರ್ಕೋನಹಳ್ಳಿ ಡ್ಯಾಮ್ ನೋಡಲು ಹೋಗಿದ್ದೆವು. ಅಮ್ಮ, ಮಂಜ, ಅವನ ಹೆಂಡತಿ ಸವಿತ, ಅವರ ಪುಟ್ಟ ಮಗಳು. ವಾಪಸ್ ಹೊರಡುವಾಗ ಮೆಟ್ಟಿಲಲ್ಲಿ ಜಾರಿ ನನ್ನ ಮಣಿಕಟ್ಟು ಊದಿಕೊಂಡಿತು. ಗೇರ್ ಹಾಕಲು ಆಗುತ್ತಿರಲಿಲ್ಲ. ಕೀಲಿಯನ್ನು ಮಂಜನ ಕಡೆ ಚಾಚಿದೆ. ಅವನು ಹಿಂದಕ್ಕೆ ಸರಿದ.

"ಬ್ಯಾಡ ಅಣ್ಣ. ಮಗು ಐತೆ ಒಳಗೆ. ನನ್ ಕಾಲು ನಂಬಕ್ಕಾಗಲ್ಲ."

"ಅಪ್ಪಂಗೆ ಬ್ರೇಕ್ ಎಲ್ಲೈತೆ ಅಂತ ಗೊತ್ತಿಲ್ಲ ದೊಡ್ಡಪ್ಪ!" ಎಂದು ಮಗು ಕೂಗಿತು.

ಅಮ್ಮ ನಕ್ಕಳು, ಸವಿತ ನಕ್ಕಳು. ಮಂಜನೂ ನಗುತ್ತಾ ಮಗಳ ತಲೆ ಸವರಿದ. ಆ ನಗು ನನ್ನಿಂದ ನೋಡಲಾಗಲಿಲ್ಲ. ಈ ಮಗು ಹುಟ್ಟುವ ಮೊದಲೇ ನಾನು ಹುಟ್ಟಿಸಿದ ಸುಳ್ಳು ಅದರ ಬಾಯಿಂದ ಬರುತ್ತಿತ್ತು.

ಅವನನ್ನು ಮರೆಗೆ ಕರೆದುಕೊಂಡು ಹೋಗಿ ಹೇಳೋಣ ಅನ್ನಿಸಿತು. ಆದರೆ ಹತ್ತು ಜನರ ಮುಂದೆ ಅವನ ತಲೆಗೆ ಕಟ್ಟಿದ್ದನ್ನು ಮರೆಯಲ್ಲಿ ಬಿಚ್ಚಿದರೆ ಏನು ಬಂತು? ವ್ಯಾನಿನ ಬಾಗಿಲ ಹತ್ತಿರವೇ ನಿಂತು, ಅಮ್ಮನ ಮುಂದೆ, ಸವಿತಳ ಮುಂದೆ, ಎಲ್ಲವನ್ನೂ ಹೇಳಿದೆ. ಬಿಳಿ ಕಾರು, ಸೀಲ್ ಒಡೆದದ್ದು, ಚೀಲದಲ್ಲಿದ್ದ ಹಳೆಯ ಬಾಟಲಿ, ಮತ್ತೆ ಮತ್ತೆ ಹತ್ತಿದ ಕೆಂಪು ದೀಪ. ಅಮ್ಮ, "ಏನ್ಲಾ ಇದು?" ಎಂದವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಸವಿತ ಮಗುವನ್ನು ಎತ್ತಿಕೊಂಡು ನನ್ನಿಂದ ಎರಡು ಹೆಜ್ಜೆ ದೂರ ಸರಿದಳು.  ಮಂಜ ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡಿಕೊಂಡ.

"ಇಷ್ಟು ವರ್ಷ ಸುಮ್ನಿದ್ಯಲ್ಲಣ್ಣ," ಅಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. "ಯಾಕಣ್ಣ?"

 ನಾನು ಮಗುವಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

"ಮಂಜ, ನೀನು ಬ್ರೇಕೇ ಒತ್ತಿದ್ದೆ ಕಣೋ, ಸರಿಯಾಗೇ ಒತ್ತಿದ್ದೆ. ನಿನ್ ಕಾಲು ಮುರ್ದೋನು ನಾನು, ತಪ್ಪನ್ನ ನಿನ್ ಮೇಲೆ ಹಾಕ್ದೋನೂ ನಾನೇ. ನನ್ನಿಂದ ತಪ್ಪಾಯ್ತು. ಕ್ಷಮ್ಸಪ್ಪ."